ಮಹಡಿಯ ಜಪಾನಿ ಮನೆಗೆ ತಪ್ಪಿ ಹೋದ ಕೌದಿ

ಮುತ್ತು, ಚಿನ್ನಿ,

ನೀವಿಬ್ಬರೂ ಮೂಡಲಗಿಗೆ ಬಂದಾಗಲೆಲ್ಲ ಆ ಫೋಟೋ ಹಿಡಿದುಕೊಂಡು ನಗುತ್ತೀರಿ. ಅದರಲ್ಲಿ ನಾನು ಮೊಣಕಾಲು ಮಡಚಿ, ಲೆಕ್ಕ ತಪ್ಪಿ ಶಿಕ್ಷೆ ತಿಂದ ಹುಡುಗಿಯ ಹಾಗೆ ಕೂತಿದ್ದೇನೆ. ಪಕ್ಕದಲ್ಲಿ ಕೂತ ಹೆಂಗಸು ಜಪಾನಿನ ಬಾಯಿಯವರು. ನಮ್ಮ ಆಯಿ ಜಪಾನಿಗೆ ಹೋಗಿದ್ದಳು ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದೀರಂತೆ. ಹಾಗೆ ಹೇಳಬೇಡಿ. ನಾನು ಹೋದದ್ದು ಗೋಕಾಕದಲ್ಲಿ ನಿಮ್ಮ ಅವ್ವನ ಹೊಲಿಗೆ ಅಂಗಡಿಯ ಮೇಲಿನ ಮಹಡಿಗೆ. ಹತ್ತುವುದಕ್ಕೆ ಹದಿನೆಂಟು ಮೆಟ್ಟಿಲು, ಅಷ್ಟೇ.

ಬಾಯಲ್ಲಿ ಹೇಳಲು ಹೊರಟರೆ ನಿಮ್ಮ ಅವ್ವ ನಡುವೆ ಬಂದು ನಗೆಚಾಟಿಕೆ ಮಾಡಿಬಿಡುತ್ತಾಳೆ, ನನ್ನ ಮಾತು ನನ್ನ ಬಾಯಲ್ಲೇ ಉಳಿಯುತ್ತದೆ. ನಾನು ಕಲಿತದ್ದು ಹುಕ್ಕೇರಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಅಕ್ಷರ ದುಂಡಗೆ ಬರುತ್ತವೆ, ಆದರೆ ಉದ್ದ ಬರೆದು ರೂಢಿಯಿಲ್ಲ. ಎಲ್ಲಿಯಾದರೂ ಹಿಂದುಮುಂದಾದರೆ ಸುಧಾರಿಸಿಕೊಂಡು ಓದಿ.

ಜಪಾನಿನ ಬಾಯಿಯವರ ಗಂಡ ಸಕ್ಕರೆ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದಿದ್ದರು. ಒಂದು ವರ್ಷದ ಕೆಲಸ. ಗಂಡ ಹೆಂಡತಿ ಇಬ್ಬರೇ ಮಹಡಿಯ ಮನೆ ಹಿಡಿದಿದ್ದರು. ಬಾಯಿಯವರು ಹೊತ್ತು ಹೋಗದಾಗ ಕೆಳಗೆ ನಿಮ್ಮ ಅವ್ವನ ಅಂಗಡಿಗೆ ಇಳಿದು ಬಂದು, ಹೊಲಿಗೆ ನೋಡುತ್ತಾ, ಅಷ್ಟಿಷ್ಟು ಕನ್ನಡ ಕಲಿತಿದ್ದರು. ಅಂಗಡಿಯ ಕುರ್ಚಿಯ ಮೇಲೆ ನಾನು ಹೊಲಿದ ಒಂದು ಸಣ್ಣ ಕೌದಿ ಹಾಸಿರುತ್ತಿತ್ತು. ಅದನ್ನು ನೋಡಿ, ಹಳೆ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಸಾಲು ಸಾಲು ಹೊಲಿಗೆ ಹಾಕುವುದು ತಮ್ಮ ಊರಲ್ಲೂ ಇದೆ ಎಂದು ಹೇಳಿದರಂತೆ. ಇದನ್ನು ಹೊಲಿದವರು ನಮ್ಮ ಮನೆಗೆ ಬರಬೇಕು ಎಂದು ಕರೆ ಕಳಿಸಿದರು.

ನನಗೆ ಒಬ್ಬರ ಮನೆಗೆ ಹೋಗುವುದೆಂದರೆ ಕೈಕಾಲು ಆಡುವುದಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ಅದು ಇನ್ನೂ ಹೆಚ್ಚಾಯಿತು. ನಮ್ಮ ಮನೆತನದಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆದರೆ ಉಡಿ ತುಂಬುವ ಹೊತ್ತಿಗೆ ಹೆಂಗಸರು ನನ್ನನ್ನು ದಾಟಿ ಮುಂದಿನವರ ಕಡೆಗೆ ಹೋಗುವುದು ಕಾಣುತ್ತದೆ. ಹಾಗಾಗಿ ಎಲ್ಲಿಗೆ ಹೋದರೂ ಬಾಗಿಲ ಹತ್ತಿರ ಕೂತು, ಮೊದಲು ಎದ್ದು ಬರುವವಳು ನಾನು. ಆದರೂ ಕರೆದವರು ಹೊರದೇಶದವರು, ಬರಿಗೈಲಿ ಹೋಗಬಾರದು ಎಂದು ಎರಡು ತಿಂಗಳು ಕೂತು ಒಂದು ಹೊಸ ಕೌದಿ ಹೊಲಿದೆ. ತುಂಡುಗಳು ನಿಮ್ಮ ಅವ್ವನ ಅಂಗಡಿಯವು, ಅಂಚಿನ ಕೆಂಪು ಬಟ್ಟೆ ಹುಕ್ಕೇರಿ ಸಂತೆಯದು.

ಈಗ ತಪ್ಪು ಎಲ್ಲಿ ಆಯಿತು ಎಂಬುದನ್ನು ಹೇಳುತ್ತೇನೆ. ನವರಾತ್ರಿಯ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಕಾಲುವೆಗೆ ಒಯ್ದು ಒಗೆಯುತ್ತೇವಲ್ಲ, ಆ ವರ್ಷ ನಿಮ್ಮ ಅವ್ವ ಒಗೆಯಲು ಬಂದಿದ್ದಳು. ಒಗೆದು ಒಣಗಿಸಿದ ನನ್ನ ಹಳೆ ಕೌದಿಯನ್ನು ಧೂಳು ಕೂಡದಿರಲಿ ಎಂದು ನನ್ನ ಹಸಿರು ಸೀರೆಯ ಅರ್ಧಕ್ಕೆ ಕಟ್ಟಿ ಟ್ರಂಕಿನ ಮೇಲಿಟ್ಟೆ. ಹೊಸದನ್ನು ಅದೇ ಸೀರೆಯ ಇನ್ನರ್ಧಕ್ಕೆ ಕಟ್ಟಿ ಅದರ ಬಾಜೂ ಇಟ್ಟೆ. ಮರುದಿನ ಬಸ್ಸಿನ ಹಾರ್ನ್ ಕೇಳಿತು, ನಿಮ್ಮ ಅವ್ವ "ಬಾ ಬೇ ಅವ್ವಾ, ಬಸ್ ಹೋಗ್ತೈತಿ" ಎಂದು ಒದರಿದಳು. ನಾನು ಕೈಗೆ ಸಿಕ್ಕ ಗಂಟನ್ನು ಎತ್ತಿಕೊಂಡು ಓಡಿದೆ.

ಬಸ್ಸಿನಲ್ಲಿ ಕೂತ ಮೇಲೆ ನಿಮ್ಮ ಅವ್ವ ಮೊಬೈಲು ತೆಗೆದು ಪಾಠ ಶುರು ಮಾಡಿದಳು. ಜಪಾನಿನವರ ಮನೆಗೆ ಹೋದವರು ಹೇಗಿರಬೇಕು ಎಂಬುದನ್ನೆಲ್ಲ ಅದರಲ್ಲಿ ನೋಡಿಟ್ಟುಕೊಂಡಿದ್ದಳು.

"ಹೋದಕೂಡ್ಲೆ ನಡಾ ಬಗ್ಗಸಬೇಕ ಅವ್ವಾ. ಕೈ ಜೋಡ್ಸೂದಲ್ಲ."

"ಈ ವಯಸ್ಸಿನ್ಯಾಗ ನಡಾ ಬಗ್ಗಿಸಿದ್ರ ತಿರುಗಿ ಎತ್ತಾವ್ರ ಯಾರು?"

"ಏನ್ ಕೊಡೂದಿದ್ರೂ ಎರಡೂ ಕೈಲೆ ಕೊಡಬೇಕ. ಕೊಡೂಮುಂದ, ಇದೇನ್ ದೊಡ್ಡದಲ್ರಿ ಅನ್ಬೇಕ. ಅವರು ನಿನ್ನ ಮುಂದ ಗಂಟು ಬಿಚ್ಚೂದಿಲ್ಲ, ಹಂಗ ಒಳಗ ಇಡ್ತಾರ. ಅದಕ್ಕ ನೀ ಮಾರಿ ಸಣ್ಣ ಮಾಡ್ಕೊಂಡು ಕೂಡಬ್ಯಾಡ."

"ಬಿಚ್ಚಿ ನೋಡೂದಿಲ್ಲ? ಹಂಗಾದ್ರ ಸೇರ್ತೋ ಇಲ್ಲೋ ಹೆಂಗ ಗೊತ್ತಾಗ್ತೈತಿ?"

"ಗೊತ್ತಾಗಬಾರ್ದು ಅಂತನ ಹಂಗ ಮಾಡ್ತಾರ."

ಮುಂದಿನ ಸೀಟಿನ ಹೆಂಗಸು ಎಲ್ಲ ಕೇಳಿಸಿಕೊಂಡು ತಿರುಗಿದಳು. "ಯಾವೂರ್ಗಿ ಹೊಂಟೀರಿ?"

"ಜಪಾನದವ್ರ ಮನಿಗ್ರಿ" ಅಂದಳು ನಿಮ್ಮ ಅವ್ವ.

"ಅಲ್ಲಿತನಾ ಈ ಬಸ್ ಹೋಗೂದಿಲ್ಲ ತಂಗಿ. ಕಲ್ಲೋಳಿ ದಾಟಿ ಗೋಕಾಕದಾಗ ನಿಂತ್ಬಿಡ್ತೈತಿ" ಎಂದು ಅವಳು ನಕ್ಕಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮಹಡಿ ಹತ್ತಿದೆವು. ಬಾಯಿಯವರು ಬಾಗಿಲಲ್ಲೇ ನಿಂತಿದ್ದರು. ಸಣ್ಣ ಮೈಯವರು, ನನ್ನ ಹೆಗಲಿಗೆ ಬರುತ್ತಿದ್ದರು. "ಬರ್ರಿ, ಬರ್ರಿ" ಅಂದರು. ಚಪ್ಪಲಿ ಬಿಟ್ಟೆ. ಬಿಟ್ಟೆನೋ ಇಲ್ಲವೋ, ಅವರು ಬೇರೆ ಒಂದು ಜೊತೆ ಬಟ್ಟೆಯ ಚಪ್ಪಲಿ ತಂದು ನನ್ನ ಕಾಲ ಮುಂದೆ ಇಟ್ಟರು. ಒಂದು ಬಿಡಿಸಿ ಇನ್ನೊಂದು ಯಾಕೆ ಕೊಡುತ್ತಾರೆ? ಮನೆಯೊಳಗೆ ಚಪ್ಪಲಿ ಮೆಟ್ಟಿ ನಡೆದರೆ ನಮ್ಮ ಅತ್ತೆ ಜೀವ ಇದ್ದಿದ್ದರೆ ಕೈಲಿದ್ದದ್ದನ್ನು ಎಸೆಯುತ್ತಿದ್ದರು. ಮೆಟ್ಟಲು ಮನಸ್ಸಾಗಲಿಲ್ಲ, ಬಿಡಲೂ ಧೈರ್ಯವಾಗಲಿಲ್ಲ. ಕೊಟ್ಟವರ ಮಾನ ಉಳಿಯಲಿ ಎಂದು ಅವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡೆ. ನಿಮ್ಮ ಅವ್ವ ಹಿಂದಿನಿಂದ ನನ್ನ ಸೊಂಟಕ್ಕೆ ಚಿವುಟಿದಳು. ಬಾಯಿಯವರು ಒಂದು ಕ್ಷಣ ನನ್ನ ಕೈ ನೋಡಿದರು. ಆಮೇಲೆ ತಾವೂ ತಮ್ಮ ಕಾಲಿನವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಚಪ್ಪಲಿ ಹಿಡಿದುಕೊಂಡು ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು. ಅವರಿಗೆ ಬೇಸರವಾಯಿತೋ, ಅವರಲ್ಲಿ ಹಾಗೂ ಒಂದು ಪದ್ಧತಿ ಇದೆಯೋ, ನನಗೆ ಇಂದಿಗೂ ಗೊತ್ತಿಲ್ಲ.

ಒಳಗೆ ಚಾಪೆ ಹಾಸಿತ್ತು. ನಾನು ರೂಢಿಯಂತೆ ಬಾಗಿಲ ಹತ್ತಿರ ಕೂತೆ. ಬಾಯಿಯವರು ಗಾಬರಿಯಾಗಿ "ಇಲ್ಲ ಇಲ್ಲ, ಒಳಗ, ಒಳಗ" ಅಂದರು. ಬಾಗಿಲ ಹತ್ತಿರ ಮನೆಯವರು ಕೂಡುವುದಂತೆ, ಬಂದವರು ಎಲ್ಲಕ್ಕಿಂತ ಒಳಗೆ, ಗೋಡೆಗೆ ಬೆನ್ನು ಕೊಟ್ಟು, ಹೂವಿಟ್ಟ ಕಡೆ ಕೂಡಬೇಕಂತೆ. ನಾನು "ಇಲ್ಲೇ ಇರ್ಲಿ ಬಿಡ್ರಿ" ಅಂದಷ್ಟೂ ಅವರು ನನಗಿಂತ ಹಿಂದೆ ಸರಿದು, ಹೊಸ್ತಿಲಿಗೆ ತಾಗಿ ಕೂತರು. ಇನ್ನು ಸ್ವಲ್ಪ ಸರಿದರೆ ಮೆಟ್ಟಿಲಿಗೆ ಬೀಳುತ್ತಾರೆ ಎಂದು ಹೆದರಿ ಎದ್ದು ಒಳಗೆ ಹೋಗಿ ಕೂತೆ. ಹೂವಿನ ಪಕ್ಕದಲ್ಲಿ ನನ್ನನ್ನು ಕೂಡಿಸಿ ಎಷ್ಟು ವರ್ಷವಾಗಿತ್ತೋ! ಕೈ ಎಲ್ಲಿಡಬೇಕು ತಿಳಿಯಲಿಲ್ಲ.

ಗಂಟನ್ನು ಎರಡೂ ಕೈಯಲ್ಲಿ ಕೊಟ್ಟೆ. "ಏನ್ ದೊಡ್ಡದಲ್ರಿ" ಅಂದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಯ ತನಕ ಎತ್ತಿ, ಎದ್ದುಹೋಗಿ ಪಕ್ಕದ ಕೋಣೆಯ ಸ್ಟೂಲಿನ ಮೇಲೆ ಇಟ್ಟರು. ಬಾಗಿಲು ತೆರೆದೇ ಇತ್ತು. ನಾನು ಕೂತಲ್ಲಿಂದ ಸ್ಟೂಲು ನೇರ ಕಾಣುತ್ತಿತ್ತು. ಇಡುವಾಗ ಗಂಟಿನ ಒಂದು ಮಗ್ಗಲು ಸಡಿಲಾಗಿ ಹಸಿರು ಸೀರೆಯ ನಡುವೆ ಬಟ್ಟೆಯ ಒಂದು ಮೂಲೆ ಹೊರಬಂತು. ಅದು ಖಾಕಿ.

ಹೊಸ ಕೌದಿಯಲ್ಲಿ ಖಾಕಿಯ ಒಂದು ಚೂರೂ ಇರಲಿಲ್ಲ.

ನಿಮಗೆ ನಿಮ್ಮ ಅಜ್ಜನ ನೆನಪಿಲ್ಲ. ಅವರು ಬಸ್ ಕಂಡಕ್ಟರ್. ಮೂಡಲಗಿ, ಗೋಕಾಕ, ಹುಕ್ಕೇರಿ ಎಂದು ಸೀಟಿ ಊದುತ್ತಾ ಆಯುಷ್ಯ ಕಳೆದವರು. ಅವರು ಹೋದ ಮೇಲೆ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದರು ಎಲ್ಲರೂ. ನಾನು ಧೋತರ, ಟವೆಲ್ಲು ಮತ್ತು ಎರಡು ಖಾಕಿ ಅಂಗಿ ಮುಚ್ಚಿಟ್ಟುಕೊಂಡು ಕೌದಿ ಮಾಡಿದೆ. ಒಂದು ಅಂಗಿಯ ಜೇಬನ್ನು ಬಿಚ್ಚಲಿಲ್ಲ, ಮಸಿಯ ಕಲೆ ಇದ್ದ ಹಾಗೆಯೇ ಇಟ್ಟು ಸುತ್ತ ಹೊಲಿದೆ. ಮಲಗಿದಾಗ ಆ ಜೇಬಿನಲ್ಲಿ ಕೈ ಇಟ್ಟುಕೊಂಡರೆ ನನಗೆ ನಿದ್ದೆ ಬರುತ್ತದೆ. ಇದನ್ನು ನಿಮ್ಮ ಅವ್ವನಿಗೂ ನಾನು ಹೇಳಿರಲಿಲ್ಲ. ನಾಚಿಕೆಯ ಮಾತು. ಅವಳ ಪಾಲಿಗೆ ಅದು ಅವ್ವನ ಹಳೆ ಕೌದಿ, ಅಷ್ಟೇ.

ಆ ಕೌದಿ ಈಗ ಇನ್ನೊಬ್ಬರ ಸ್ಟೂಲಿನ ಮೇಲೆ ಕೂತಿತ್ತು. ನಾನು ಕೈಯಾರೆ ಕೊಟ್ಟಿದ್ದೆ. ಕೊಟ್ಟದ್ದನ್ನು ತಿರುಗಿ ಕೇಳುವುದು ನಮ್ಮಲ್ಲಿ ಎಷ್ಟು ಕೀಳು ಮಾತು ನಿಮಗೆ ಗೊತ್ತು. ಅವರಾದರೂ ಗಂಟು ಬಿಚ್ಚಿದರೆ ಹಳೆಯದು ಎಂದು ಕಾಣುತ್ತಿತ್ತು, ನಾನೂ ಅಯ್ಯೋ ತಪ್ಪಿತು ಅನ್ನಬಹುದಿತ್ತು. ಆದರೆ ಅವರು ಬಿಚ್ಚುವವರಲ್ಲ.

ಬಾಯಿಯವರು ಚಹಾ ತಂದರು. ಹಸಿರು, ಹಾಲಿಲ್ಲ, ಸಕ್ಕರೆಯಿಲ್ಲ, ಬೇವಿನ ಕಷಾಯದಂತೆ ಕಹಿ. ಜೊತೆಗೆ ಒಂದು ಸಿಹಿ, ನಮ್ಮ ಹೋಳಿಗೆಯ ಹೂರಣದಂಥದೇ, ಬಣ್ಣ ಮಾತ್ರ ಕಪ್ಪು. ಬೇಗ ಕುಡಿದು ಮುಗಿಸಿದರೆ ಬೇಗ ಏಳಬಹುದು, ಏಳುವಾಗ ಏನಾದರೂ ಉಪಾಯ ಹೊಳೆದೀತು ಎಂದು ಒಂದೇ ಗುಟುಕಿಗೆ ಕುಡಿದೆ. ಅವರು ತಟ್ಟನೆ ತುಂಬಿದರು. ಅದನ್ನೂ ಕುಡಿದೆ. ಮತ್ತೆ ತುಂಬಿದರು. ಕಪ್ಪಿನಲ್ಲಿ ಬಿಡುವ ಹಾಗಿಲ್ಲ. ಎದುರಿಗೆ ಬಂದದ್ದು ಪ್ರಸಾದ, ಒಂದು ಅಗುಳೂ ಒಂದು ಹನಿಯೂ ಬಿಡಬಾರದು ಎಂದು ಬೆಳೆದವಳು ನಾನು. ಹೀಗೆ ಐದು ಕಪ್ಪು ಆಯಿತು. ಬಾಯಿಯವರ ಮುಖದಲ್ಲೂ ಚಿಂತೆ ಕಂಡಿತು, ಕೆಟಲ್ ಬರಿದಾಗುತ್ತಾ ಬಂದಿತ್ತೋ ಏನೋ.

"ಖಾಲಿ ಮಾಡಬ್ಯಾಡ ಬೇ" ಎಂದು ನಿಮ್ಮ ಅವ್ವ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. "ಖಾಲಿ ಮಾಡಿದ್ರ ಇನ್ನೂ ಬೇಕು ಅಂತ ಅರ್ಥ. ಸಾಕಾದ್ರ ತುಂಬಿದ್ದ ಹಂಗ ಬಿಡಬೇಕ."

"ಬಿಟ್ರ ಪಾಪ ಬರ್ತೈತಿ."

"ಬರ್ಲಿ. ಆರನೇದ್ದು ಕುಡದ್ರ ನೀ ಇಲ್ಲೇ ಬೀಳ್ತಿ."

ಬಾಯಿಯವರು ಬಿಸಿನೀರಿಗೆ ಎಂದು ಎದ್ದಾಗ ನಾನು ಅವಳ ಕಿವಿಯಲ್ಲಿ ಹೇಳಿದೆ, "ಗಂಟು ತಪ್ಪೈತಿ. ಅದು ಹೊಸಾದಲ್ಲ, ನನ್ನ ಹಳೀ ಕೌದಿ."

"ಅಯ್ಯ ಶಿವನ! ಈಗ ಹೇಳ್ತಿ?"

"ಕೇಳಿ ತಗೋತೀಯೇನ?"

"ಹುಚ್ಚಿಯೇನ್ ನೀ? ಕೊಟ್ಟಿದ್ದು ತಿರುಗಿ ಕೇಳಿದ್ರ ಅವರೇನ್ ತಿಳ್ಕೋಬಾರ್ದು? ಹಳೇದಾದ್ರೇನಾತು, ಕೌದಿ ಕೌದೀನ. ಹೊಸಾದು ನೀನ ಹೊದ್ಕೊ."

ಜೇಬಿನ ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಅಷ್ಟರಲ್ಲಿ ಬಾಯಿಯವರು ಬಂದು ಕೂತು, ತಮ್ಮ ಅರೆಬರೆ ಕನ್ನಡದಲ್ಲಿ ಹೇಳಿದರು, "ನಾವು ಹನ್ನೆರಡು ದಿನ, ಆಮ್ಯಾಲೆ ಜಪಾನ್ ಹೋಗ್ತೇವ್ರಿ. ಅವರ ಕೆಲಸ ಮುಗೀತು. ನೀವು ಕೊಟ್ಟಿದ್ದು ನನ್ನ ಕೂಡ ಬರ್ತೈತಿ."

ನಗಬೇಕೆಂದು ನಕ್ಕೆ. ನಿಮ್ಮ ಅವ್ವ ಮೊಬೈಲಿನಲ್ಲಿ ಆ ಫೋಟೋ ತೆಗೆದದ್ದು ಆಗಲೇ.

ಹೊರಡುವಾಗ ನೋಡುತ್ತೇನೆ, ಒಳಗೆ ಮುಖ ಮಾಡಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಯಾರೋ ಮೆಟ್ಟಿಲ ಕಡೆಗೆ ತಿರುಗಿಸಿ ಜೋಡಿಸಿಟ್ಟಿದ್ದರು. ಬೇಗ ಹೋಗು ಎಂದು ಇದರ ಅರ್ಥವೇ ಎಂದು ಹೆದರಿದೆ. ಮೆಟ್ಟಲು ಅನುಕೂಲವಾಗಲಿ ಎಂದು ಹಾಗೆ ಮಾಡುತ್ತಾರೆ ಎಂದು ನಿಮ್ಮ ಅವ್ವ ಆಮೇಲೆ ಹೇಳಿದಳು. ಬಾಯಿಯವರು ಬೀದಿಯ ತನಕ ಇಳಿದು ಬಂದು ಬಗ್ಗಿದರು. ಹತ್ತು ಹೆಜ್ಜೆ ಹೋಗಿ ತಿರುಗಿದೆ, ಇನ್ನೂ ನಿಂತಿದ್ದರು. ತಿರುವಿನಲ್ಲಿ ತಿರುಗಿದೆ, ಆಗಲೂ ನಿಂತಿದ್ದರು. ಯಾಕೆ ಹಾಗೆ ನೋಡುತ್ತಾರೆ? ನನಗೇನೋ ಹೇಳುವುದಿದೆ ಎಂದು ಅವರಿಗೆ ತಿಳಿಯಿತೇ? ಈಗ ತಿರುಗಿ ಹೋಗಿ ಹೇಳಲೇ ಎಂದು ಎರಡು ಸಲ ನಿಂತೆ. ನಿಂತಾಗಲೆಲ್ಲ ಅವರು ಬಗ್ಗುತ್ತಿದ್ದರು. ಬಗ್ಗಿದವರ ಮುಂದೆ ಏನು ಕೇಳುವುದು?

ಮನೆಗೆ ಬಂದು ಹೊಸ ಕೌದಿಯ ಗಂಟು ಬಿಚ್ಚಲೇ ಇಲ್ಲ. ಚಾದರ ಹೊದ್ದು ಮಲಗಿದೆ. ಒಂದು ದಿನ ಅನಿಸುತ್ತಿತ್ತು, ಹೋದರೆ ಹೋಗಲಿ, ಗೋಕಾಕ ಹುಕ್ಕೇರಿ ಬಿಟ್ಟು ಹೊರಗೆ ಹೋಗದ ಮನುಷ್ಯನ ಅಂಗಿಯಾದರೂ ಸಮುದ್ರ ದಾಟಲಿ ಎಂದು. ಮರುದಿನ ಅನಿಸುತ್ತಿತ್ತು, ಅಲ್ಲಿ ಅದನ್ನು ಯಾವುದೋ ಮೂಲೆಗೆ ಹಾಕಿದರೆ? ಹಳೆಯದು ಕೊಟ್ಟಳು ಎಂದು ಬಾಯಿಯವರು ನೊಂದುಕೊಂಡರೆ? ಯಾವುದು ಸರಿ ಎಂದು ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಕೇಳಬೇಕಾದವರ ಅಂಗಿಯೇ ಅದು.

ಒಂಬತ್ತನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೂತವಳು, ಅರ್ಧ ಹಿಟ್ಟು ಹಾಗೇ ಮುಚ್ಚಿಟ್ಟು ಎದ್ದೆ. ಹೊಸ ಕೌದಿ ಎತ್ತಿಕೊಂಡು ಬಸ್ ಹತ್ತಿದೆ. ನಿಮ್ಮ ಅವ್ವನಿಗೆ ಹೇಳಲಿಲ್ಲ. ಅವಳ ಅಂಗಡಿ ಇನ್ನೂ ತೆರೆದಿರಲಿಲ್ಲ. ಒಬ್ಬಳೇ ಮಹಡಿ ಹತ್ತಿ ಬಾಗಿಲು ಬಡಿದೆ. ಹೇಳದೆ ಕೇಳದೆ ಜಪಾನಿನವರ ಮನೆಗೆ ಹೋಗಬಾರದು ಎಂದು ಅವಳು ಬಸ್ಸಿನಲ್ಲಿ ಹೇಳಿದ್ದು ಬಾಗಿಲು ಬಡಿದ ಮೇಲೆ ನೆನಪಾಯಿತು.

ಬಾಯಿಯವರು ತಲೆಗೆ ಬಟ್ಟೆ ಸುತ್ತಿಕೊಂಡು ಬಂದರು. ಹಿಂದೆ ಮನೆ ತುಂಬ ಡಬ್ಬಗಳು. ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ನಾನು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ತಪ್ಪಾಗೇತ್ರಿ. ಅದು ನಮ್ಮ ಮನಿಯವ್ರ ಅಂಗೀದು. ಅವರು ಇಲ್ರಿ ಈಗ. ನಿಮ್ಗ ಹೊಲ್ದದ್ದು ಇದು. ಅದನ್ನ ನನಗ ತಿರುಗಿ ಕೊಡ್ರಿ."

ಜೀವಮಾನದಲ್ಲಿ ಯಾರ ಮುಂದೆಯೂ ನಾನು ಕೊಡಿ ಎಂದು ಕೇಳಿದವಳಲ್ಲ. ಬಾಯಿಯವರು ನಗಲಿಲ್ಲ. ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸಿಟ್ಟಾದರು, ಇನ್ನು ನಿಮ್ಮ ಅವ್ವನ ಕೂಡ ಮಾತು ಬಿಡುತ್ತಾರೆ ಎಂದುಕೊಂಡೆ. ಬಂದಾಗ ಅವರ ಕೈಯಲ್ಲಿ ನನ್ನ ಹಸಿರು ಸೀರೆಯ ಗಂಟೇ ಇತ್ತು. ಡಬ್ಬದೊಳಗೆ ಹಾಕಿರಲಿಲ್ಲ, ಬೇರೆಯೇ ಇಟ್ಟಿದ್ದರು.

"ನೀವು ಹ್ವಾದ ಮ್ಯಾಲೆ ನೋಡೀನ್ರಿ. ಜೇಬು ನೋಡೀನಿ" ಅಂದರು. "ಇದು ಒಬ್ರ ಮನಷ್ಯಾಂದು ಅಂತ ಗೊತ್ತಾತು. ಆದ್ರ ಹೆಂಗ ಕೊಡ್ಲಿ? ನಮ್ಮ ಕಡೆ, ತಂದಿದ್ದು ತಿರುಗಿ ಕೊಟ್ರ ಭಾಳ ತಪ್ಪು. ನಿಮ್ಗ ನೋವಾಗ್ತೈತಿ ಅಂತ ಸುಮ್ನ ಕುಂತೆ. ನಿದ್ದಿ ಇಲ್ಲ."

ನಾನು ಕೇಳಬಾರದು ಎಂದು ಮೂಡಲಗಿಯಲ್ಲಿ ಕೂತಿದ್ದೆ, ಅವರು ಕೊಡಬಾರದು ಎಂದು ಗೋಕಾಕದಲ್ಲಿ ಕೂತಿದ್ದರು. ಅವರು ಬಗ್ಗಿದರು, ನಾನೂ ಬಗ್ಗಿದೆ. ಯಾರು ಮೊದಲು ಏಳಬೇಕೋ ತಿಳಿಯದೆ ಇಬ್ಬರೂ ಹಾಗೆಯೇ ಇದ್ದೆವು. ನಡುವಿನ ನೋವಿಗೆ ನಾನೇ ಮೊದಲು ಎದ್ದೆ. ಎರಡೂ ಕೈಯಿಂದ ಹಳೆಯದನ್ನು ತೆಗೆದುಕೊಂಡು, ಎರಡೂ ಕೈಯಿಂದ ಹೊಸದನ್ನು ಕೊಟ್ಟೆ. ಈ ಸಲ ಅವರು ನನ್ನ ಮುಂದೆಯೇ ಬಿಚ್ಚಿ ಕೆಂಪು ಅಂಚನ್ನು ಕೆನ್ನೆಗೆ ಒತ್ತಿಕೊಂಡರು. ಬಿಚ್ಚುವುದಿಲ್ಲ ಎಂದು ನಿಮ್ಮ ಅವ್ವ ಹೇಳಿದ್ದಳಲ್ಲ, ಇವರೇಕೆ ಬಿಚ್ಚಿದರು? ಅದೂ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ನೋಡಿದೆ. ಜೇಬಿನ ಬಾಯಿ ಒಂದು ಕಡೆ ಹರಿದಿತ್ತು, ನಾನು ಎಷ್ಟೋ ದಿನದಿಂದ ಹೊಲಿಯಬೇಕೆಂದು ಬಿಟ್ಟದ್ದು. ಅಲ್ಲಿ ಬಿಳಿ ದಾರದಲ್ಲಿ ಅಕ್ಕಿಯ ನುಚ್ಚಿನಷ್ಟು ಸಣ್ಣ ಹೊಲಿಗೆ ಹಾಕಿದ್ದರು. ಮೊದಲು ಸಿಟ್ಟು ಬಂತು, ನಿಮ್ಮ ಅಜ್ಜನ ಅಂಗಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಯಾಕೆ ಎಂದು. ಸೂಜಿ ತೆಗೆದುಕೊಂಡು ಬಿಚ್ಚಲು ಕೂತೆ. ಒಂದು ಹೊಲಿಗೆ ಬಿಚ್ಚಿದೆ, ಆಮೇಲೆ ಬಿಚ್ಚಲಾಗಲಿಲ್ಲ. ಆ ಒಂದು ಕಡೆ ಈಗಲೂ ತೂತು ಇದೆ, ಬೆರಳಿಗೆ ಸಿಗುತ್ತದೆ. ಬಿಚ್ಚಿದ್ದು ಸರಿಯೋ, ಬಿಟ್ಟದ್ದು ಸರಿಯೋ ನಿಶ್ಚಯವಾಗಿಲ್ಲ.

ನಾನು ಇಲ್ಲದ ಕಾಲಕ್ಕೆ ನೀವು ಟ್ರಂಕು ತೆಗೆಯುತ್ತೀರಿ. ಅದರಲ್ಲಿ ಐದಾರು ಕೌದಿ ಇರುತ್ತವೆ, ಎಲ್ಲವೂ ಹಳೆಯವೇ. ಯಾವುದನ್ನು ಬೇಕಾದರೂ ಕೊಡಿ, ಹಾಸಿ, ಬೈಕಿಗೆ ಮುಚ್ಚಿ. ಖಾಕಿಯದನ್ನು ಮಾತ್ರ ಕೈತಪ್ಪಿ ಯಾರಿಗೂ ಕೊಡಬೇಡಿ. ಗಂಟು ಕಟ್ಟಿಟ್ಟಾಗ ನೋಡಿದರೆ ಗೊತ್ತಾಗುವುದಿಲ್ಲ, ಕೈಯಾರೆ ಹೊಲಿದ ನನಗೇ ಆ ದಿನ ಗೊತ್ತಾಗಲಿಲ್ಲ. ಅದಕ್ಕಾಗಿ ಇಷ್ಟೆಲ್ಲ ಬರೆದೆ. ಈ ಹಾಳೆಗಳನ್ನು ಆ ಕೌದಿಯ ಮಡಿಕೆಯೊಳಗೇ ಇಡಿ. ಒಗೆಯುವ ದಿನ ಮರೆಯದೆ ಹೊರಗೆ ತೆಗೆದು, ಒಣಗಿದ ಮೇಲೆ ಮತ್ತೆ ಒಳಗೆ ಇಡಿ.